ಹೊಲಿಗಿ ಯಾವ ಬದಿಗೆ

ವಾಹಿದ್ ನಾಲಬಂದ ಹಗಲೆಲ್ಲ ಕನ್ನಡಾ ಜೋಡಸ್ತಿದ್ದ:
ಲಗ್ನಪತ್ರಿಕಿ, ಹತ್ತಿ ದರ, ಏಳನೇತ್ತಾ ಪರೀಕ್ಷಾ ಪೇಪರು.
ಗದಗ ಸ್ಟೇಷನ್ ರಸ್ತೆದ ಆ ಪ್ರೆಸ್ಸಿನ್ಯಾಗ
ಸೀಸದ ಮೊಳಿ ತಿರುವುಮುರುವು ನಿಂತಿರ್ತಾವಲ್ಲ,
ಚೌಕಟ್ಟಿನ್ಯಾಗ ಬಿಗದ ಮ್ಯಾಲೆ
ಬಲದಿಂದ ಎಡಕ್ಕ ಓದಬೇಕು.
"ನೋಡೋ ಜಿಲ್ದಸಾಜ್," ಅಂತಿದ್ದ ನನಗ, "ನಿಮ್ಮ ಭಾಷಾನೂ
ಮಸಿ ಹತ್ತೂ ತನಕಾ ಉರ್ದುನ."

ರಾತ್ರಿ ಪ್ರೂಫಿನ ಹಿಂಬದಿಗೆ ಗಜಲು.
ಕಾವ್ಯನಾಮ ಗರ್ದ್. ಅಂದ್ರ ಧೂಳು.
ನಮ್ಮೂರ ಗಾಳಿ ಗೊತ್ತಿದ್ದಾವರು ನಗಲಿಲ್ಲ.
ಮನ್ಯಾಗ ರಶೀದಾಬಿ ಮಾತ್ರ,
"ಗಂಡನ ಹೆಸರು ದಿನಾ ಕಸಬರಿಗಿಲೆ ಬಳೀಬೇಕಾತು."
ಅದಕ್ಕವನ ಉತ್ತರ ಒಂದು ಶೇರು, ನನಗ ಕನ್ನಡದಾಗ ಹೇಳಿದ್ದ:
    ಉಡುಗಾಕಿ, ಮೂಲ್ಯಾಗಿಂದಷ್ಟು ಬಿಡು,
    ಮನಿ ಸ್ವಚ್ಛಾದ್ರ ನಾ ಎಲ್ಲಿ ಕೂಡಲಿ?

ಧಾರವಾಡ ಆಕಾಶವಾಣಿ ಒಮ್ಮೆ ಹತ್ತು ಮಿನಿಟು ಕೊಟ್ಟಿತು.
ಎದಿ ಹೊಡಕೊಂಡು ಆರಕ್ಕ ಮುಗಿಸಿ ಬಂದ.
ಉಳಿದ ನಾಕು ಯಾರದೋ ಸಿತಾರ ತುಂಬಿತು.
ಸವಣೂರ ಮುಷಾಯಿರಾದಾಗ ಬೆಳತನಕಾ ಕೂತು
ಕಡೇಕ ಎರಡ ಶೇರು;
ನನಗೊಂದು ಕಟ್ಟು ಎಲಿ ತಂದಿದ್ದ, ಬಾಡಿದ್ದು.
"ವಾಹ್ ವಾಹ್ ಅಂದ್ರಾ?"
"ಒಬ್ಬಾವ ಅಂದ. ನಿದ್ದಿಗಣ್ಣಾಗಿದ್ದ."

ಉರ್ದು ಮೊಳಿ ನಮ್ಮಲ್ಲಿ ಇರಲಿಲ್ಲ.
ಹೈದರಾಬಾದಿನ ಕಾತಿಬ ಕೈಲೆ ಬರದು ಕೊಡಾಕ
ಎರಡು ವರ್ಷಾ ತಗೊಂಡ,
ಸೈಕಲ್ ಮಾರಿದ ರೊಕ್ಕ, ರಶೀದಾಬಿಯ ಬೆಂಡೋಲಿ.
ಬಿಡಿ ಹಾಳಿ ಬಂದ್ವು. ಐವತ್ತು ಪ್ರತಿ
ಒಂದ ರಾತ್ರಿ ಕೂತು ಹೊಲದೆ, ರೂಢಿ ಕೈ,
ಎಡಕ್ಕ.
ಮುಂಜಾನೆ ಅಂವಾ ತನ್ನ ರೂಢಿಯಂಗ ತೆಗದ: ಕೊನೀ ಪುಟ.
ನನ್ನ ನಾಲಿಗಿ ಒಣಗಿತು.
ಬಾಳೊತ್ತು ಸುಮ್ಮನಿದ್ದ. ಆಮ್ಯಾಲೆ,
"ಗಜಲಿನ್ಯಾಗ ನಮ್ಮ ಹೆಸರು ಕಡೇ ಶೇರಿಗೆ ಬರತದ.
ನೀ ಒಬ್ಬಾವನ ನೋಡು, ಗರ್ದನ್ನ ಮುಂದ ಕೂಡಿಸಿದಾವ."
ಹನ್ನೊಂದು ಪ್ರತಿ ಮಾರಿದ್ವು.

ಆಫ್‌ಸೆಟ್ ಬಂತು, ಮೊಳಿ ಕಿಲೋ ಲೆಕ್ಕಕ್ಕ ಹೋದ್ವು,
ಅಂವಾ ಅದಕ್ಕೂ ಮೊದಲ.

ನಿನ್ನಿ ಮಮ್ಮಗಳು ಅರ್ಜುಮಂದ ಒಂದು ವಹಿ ತಂದಾಳ.
ಉರ್ದು ಓದಾಕ ಬರೂದಿಲ್ಲ; ಅವ್ವ ಬಾಯಿಲೆ ಹೇಳಿದ್ದನ್ನ
ಕನ್ನಡ ಅಕ್ಷರದಾಗ ಬರಕೊಂಡಾಳ, ಅಜ್ಜನ ಗಜಲು.
"ಕಟ್ಟಿ ಕೊಡ್ರಿ ಕಾಕಾ," ಅಂದು ಬಸ್ಸಿಗೆ ಓಡಿದ್ಲು.
ಯಾವ ಬದಿಗೆ ಅಂತ ಕೇಳೂದು ಬಾಯಾಗ ಉಳೀತು.

ದಾರಕ್ಕ ಮೇಣಾ ಹಚ್ಚಿ ಕೂತೇನಿ.
ಕಿಡಕ್ಯಾಗಿಂದ ಗಾಳಿ. ವಹಿ ಮ್ಯಾಲೆ
ಧೂಳು ಕೂಡಾಕತ್ತೈತಿ, ಒರಸಿಲ್ಲ ಇನ್ನೂ.