ಜಪ್ತಿ ಮಾಲು

ಗುಳೇದಗುಡ್ಡದಾಗ ಯಾರದೋ ತಿಜೋರಿ ಕೆಳಗಿತ್ತು,
ರೊಕ್ಕ ಬರತೈತಂತ ಸಾಕಿದ್ರಂತ.
ಪಂಚನಾಮಾದಾಗ ಬರದದ್ದು: ನಕ್ಷತ್ರ ಆಮಿ, ಒಂದು, ಜೀವಂತ.
ಕೇಸು ಮುಗಿಯೂ ತನಕ ನೋಡಿಕೋ ಅಂತ
ಸಾಹೇಬ್ರು ಸಹಿ ತಗೊಂಡು ನನಗ ಒಪ್ಪಿಸಿದ್ರು,
ಬಾದಾಮಿ ಆಫೀಸಿನ ಹಿಂದ, ಸೂರಿಲ್ಲದ ಹಳೇ ಬಚ್ಚಲದಾಗ.

ಬಚ್ಚಲಕ್ಕ ಶಹಾಬಾದ್ ಫರಸಿ.
ನಡದ್ರ ನಾಕೂ ಕಾಲು ನಾಕ್ ಕಡೆ ಜಾರತಿದ್ವು.
ಹಳೇ ಪೇಪರ್ ಹಾಸಿದೆ. ತಿಂದು ಬಿಟ್ಟಿತು,
ಟೆಂಡರ್ ಪ್ರಕಟಣೆ, ಅರ್ಧ.

ಬಡಿಗ್ಯಾರ ಮಾನಪ್ಪ ಕೊಟ್ಟ, ಸಾಗವಾನಿ ಹೊಟ್ಟು.
ನನಗ ಘಮ ಘಮ ಅಂತಿತ್ತು; ಅದಕ್ಕ ಕಣ್ಣು ಬಾತ್ವು.
ಹೊಳಿ ಉಸುಕು ತಂದೆ, ಮಲಪ್ರಭೆದ್ದು, ಸೋಸಿ.
ದನದ ಡಾಕ್ಟರು ನಸ್ರೀನ್ ಮೇಡಂ ಬೈದ್ರು:
ಸೊಪ್ಪಿನ ಕೂಡ ಒಳಗ ಹೋಗಿ ಕರಳು ಕಟ್ಟಿದ್ರ
ಕೋರ್ಟಿಗೆ ಏನ್ ಒಯ್ತೀಯೋ, ಚಿಪ್ಪ?

ಎರಿಮಣ್ಣು ನಾನ ಹಾಕಿದೆ, ನಮ್ಮ ಹೊಲದ್ದು, ಅಭಿಮಾನಕ್ಕ.
ಮಳಿ ಬಿದ್ದ ದಿನ ಕಾಲಿಗೆ ಮೆತ್ತಿ ಬೂಟಾತು,
ಒಣಗಿದ ದಿನ ಬಿರುಕಿನ್ಯಾಗ ಉಗುರು ಸಿಕ್ಕೊಂತು.
ನಮ್ಮ ಮಣ್ಣು ಎಲ್ಲಾರಿಗೂ ಅಲ್ಲ.

ಕುಂಬಾರ ಗುರುಪಾದವ್ವ ಹೇಳಿದ್ಲು, ತಂಬಾಕ ಉಗುಳಿ:
ಮುಷ್ಟಿ ಹಿಡದ್ರ ನಿಲ್ಲಬೇಕು, ಬಟ್ಟು ತಾಗಿದ್ರ ಉದುರಬೇಕು.
ಗಡಗಿಗೆ ಬ್ಯಾಡಾದ ಮಣ್ಣು ಹುಡುಕು.
ಗುಡ್ಡದ ಬುಡಕ, ಕವಳಿ ಕಂಟಿ ನೆರಳಿನ್ಯಾಗ ಸಿಕ್ತು,
ಕೆಂಪು, ಸಣ್ಣ ಗರಸು ಕೂಡಿದ್ದು, ಒಣ ತಪ್ಪಲಾ ಸೈತ.
ಒಂದು ಗೇಣು ಆಳ. ಸೈಕಲ್ ಮ್ಯಾಲ ಒಂಬತ್ತು ಹೇರು.

ಎರಡು ದಿನ ಸುಮ್ಮನಿತ್ತು, ಮೂಗು ಊರಿ.
ಮೂರನೇ ಸಂಜಿ, ಕರೆಂಟ್ ಹೋದಾಗ,
ಹಿಂಗಾಲಿಂದ ಕೆದರಾಕ ಹತ್ತಿತು, ತಾನು ನೋಡಲಾರದ ಕಡೆ.
ಒಳಗಿನ ನೀರು ಬಿಟ್ಟು ನೆಲಾ ಮೆತ್ತಗ ಮಾಡಿ, ಮತ್ತ ಕೆದರಿ.
ಬ್ಯಾಟರಿ ಬೆಳಕಿನ್ಯಾಗ ಎಣಿಸಿದೆ: ಮೂರು ತತ್ತಿ.
ಗಂಡಿನ ಋಣ ವರ್ಷಗಟ್ಟಲೆ ಒಳಗ ಇಟಗೋತಾವು
ಅಂದ್ರು ಮೇಡಂ, ಫೋನಿನ್ಯಾಗ, ಆಕಳಿಸಿ.

ಮಣ್ಣು ಮುಚ್ಚಿ, ಹೊಟ್ಟಿಯಿಂದ ತಟ್ಟಿ ತಟ್ಟಿ ಸಪಾಟ ಮಾಡಿ
ಹೋತು ಮೂಲಿಗೆ. ಗುರುತಿಲ್ಲ.

ಮುಂಜಾನೆ ರಜಿಸ್ಟರ್ ತಗದೆ. ಮಾಲು: ಒಂದು.
ಪೆನ್ನಿನ ಟೊಪ್ಪಿಗಿ ತಗದೆ, ಹಾಕಿದೆ, ಮತ್ತ ತಗದೆ.
ಆ ಮ್ಯಾಲ ಎದ್ದು ಹೋಗಿ
ಬಚ್ಚಲ ಬಾಗಿಲಿಗೆ ಚೀಟಿ ಬರದು ಹಚ್ಚಿದೆ:
ಇಲ್ಲಿ ಕಸಾ ಹೊಡೀಬ್ಯಾಡ್ರಿ.