ನಾಲ್ಕು ನಿಮಿಷ

ಹಮ್ಮರ್‌ಫೆಸ್ಟಿನಲ್ಲಿ ಎರಡು ತಿಂಗಳ ಇರುಳು ಕಳೆದು
ಇವತ್ತು ಹೊತ್ತು ಮೂಡುತ್ತದೆ. ಬೇಕರಿಯ ಮುಂದೆ ಸಾಲು,
ಜಾಮು ತುಂಬಿದ ಸೂರ್ಯನ ಬನ್ನಿಗೆ.

ನನ್ನ ತಂಗಿ ಸುನ್ನಿವಾ. ಬಿಸಿಲಿನ ಕೊಡುಗೆ ಎಂದರ್ಥ;
ಇಟ್ಟಾಗ ಯಾರಿಗೂ ಗೊತ್ತಿರಲಿಲ್ಲ.
ಹತ್ತು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಎಂದರು ಡಾಕ್ಟರು;
ನಮ್ಮೂರಲ್ಲಿ ಅಷ್ಟು ಜನರೇ ಇಲ್ಲ.
ಹೆಸರು ಬದಲಿಸೋಣವೇ ಎಂದರು ಅಜ್ಜಿ.
ಅಮ್ಮ ಕಿಟಕಿಗೆ ಹಾಳೆ ಅಂಟಿಸುತ್ತಿದ್ದಳು, ತಿರುಗಲಿಲ್ಲ.

ಕತ್ತಲ ತಿಂಗಳುಗಳು ಅವಳದೇ ರಾಜ್ಯ:
ನಡುಹಗಲಿಗೇ ಸ್ಲೆಡ್ಜು, ಮೊಣಕಾಲಿಗೆ ತರಚು,
ಎಲ್ಲರ ಹಾಗೆ ಬೈಗುಳ.
ಜೂನಿನಲ್ಲಿ ಹೊತ್ತು ಮುಳುಗುವುದೇ ಇಲ್ಲ.
ನಮ್ಮ ಚೆಂಡು ಅವಳ ಕೋಣೆಯ ಗೋಡೆಗೆ ಬಡಿಯುತ್ತದೆ.
ಬೇಕೆಂದೇ ಒದ್ದಿದ್ದೇನೆ, ಒಮ್ಮೆ.

ಇವತ್ತು ಅಮ್ಮ ಮೀಟರನ್ನು ಮೂರು ಸಲ ನೋಡಿದಳು. ಸೊನ್ನೆ.
ಆದರೂ ಮುಖಕ್ಕೆ ಪ್ಲಾಸ್ಟಿಕ್ ಮುಸುಕು, ಕೈಗೆ ಎರಡೆರಡು ಗವಸು.
ಗುಡ್ಡದ ಅಂಚಿನಲ್ಲಿ ಕೆಂಡದ ಚೂರು,
ನಾಲ್ಕು ನಿಮಿಷ.

"ಬಿಸಿ ಇದೆಯಾ?" ಎಂದಳು.
ನಾನು ಟೋಪಿ ತೆಗೆದು ಕಣ್ಣು ಮುಚ್ಚಿ ನಿಂತೆ.
"ಇಲ್ಲ" ಎಂದೆ. ನಿಜವನ್ನೇ ಹೇಳಿದೆ.
ಅವಳು ನಂಬಲಿಲ್ಲ.
ಮನೆಗೆ ಬಂದು ಬನ್ನಿನ ಜಾಮಷ್ಟೇ ನೆಕ್ಕಿ
ಉಳಿದದ್ದನ್ನು ನನ್ನತ್ತ ತಳ್ಳಿದಳು.