ಸಿಂಕಿನ ತುಂಡು

ಕೆಲಮಂಗಲದ ಶೆಡ್ಡಿಗೆ ಲಂಡನ್ನಿನಿಂದ ನಕ್ಷೆ ಬರುತ್ತದೆ.
ಮೂವತ್ತೆಂಟನೇ ಮಹಡಿ, ಅಡುಗೆಮನೆ,
ನದಿಯ ಕಡೆ ಮುಖ.
ನದಿಗೆ ಒಂದು ಬಾಣದ ಗುರುತು ಅಷ್ಟೇ.
ನಮಗೆ ಬೇಕಾದ್ದು ಸಿಂಕು ಎಲ್ಲಿ, ನಲ್ಲಿ ಎಲ್ಲಿ,
ಮೂಲೆ ಎಷ್ಟು ಗುಂಡಗಿರಬೇಕು.

ಪಿಳ್ಳಮ್ಮ ಅಂಚು ಉಜ್ಜುತ್ತಾಳೆ.
ಕಲ್ಲಿನೊಳಗೆ ತನ್ನ ಮೂಗುಬೊಟ್ಟು ಕಂಡರೆ
ಪಾಲಿಶ್ ಆಯಿತು ಅಂತ ಲೆಕ್ಕ.
ಹೊಳಪಿನ ಮೀಟರು ಹಿಡಿದವನು ಆಮೇಲೆ ಬರುತ್ತಾನೆ,
ಅವಳು ಹೇಳಿದ್ದನ್ನೇ ಹೇಳಲು.

ಈ ಸಲ ಹನ್ನೊಂದು ಅಡುಗೆಮನೆಗಳು
ಗೋಡೆಗೆ ಒರಗಿ ನಿಂತುಬಿಟ್ಟಿವೆ.
ಅಲ್ಲಿ ಬೆಲೆ ಬಿದ್ದಿದೆಯಂತೆ.
ಕೊಳ್ಳುವವರು ಇನ್ನೂ ಬೀಳಲಿ ಎಂದು ಕಾಯುತ್ತಾರಂತೆ,
ಕಟ್ಟಿದವರು ಏಳಲಿ ಎಂದು.
ಬರುವ ವರ್ಷ ಸರಿಹೋಗುತ್ತೆ ಅಂತ ಅಂದಾಜು,
ಸೆಲ್ವರಾಜ್ ಫೋನು ನೋಡಿ ಹೇಳಿದ.
ಮಾರಿಹೋದ ಮನೆಗಳಲ್ಲೂ ಜನ ಇಲ್ಲವಂತೆ,
ಸಂಜೆಯಾದರೆ ಲೈಟು ತಾನಾಗಿ ಹತ್ತುತ್ತಂತೆ.

'ಹಂಗಾದ್ರೆ ಪಾತ್ರೆ ಯಾರು ತೊಳೀತಾರೆ?'
ಪಿಳ್ಳಮ್ಮ ನೀರಿನ ಪೈಪು ಮಡಚಿ ಹಿಡಿದು ಕೇಳಿದಳು.
ಸೆಲ್ವರಾಜ್ ಫೋನನ್ನು ಇನ್ನೊಂದು ಸಲ ನೋಡಿದ.

ಸಿಂಕಿಗೆಂದು ಕೊರೆದು ತೆಗೆದ ತುಂಡು
ಲಂಡನ್ನಿಗೆ ಹೋಗುವುದಿಲ್ಲ.
ಇನ್ವಾಯ್ಸಿನಲ್ಲಿ ಅದಕ್ಕೆ ಸಾಲಿಲ್ಲ.
ಬೈಕಿನ ಟ್ಯಾಂಕಿನ ಮೇಲೆ ಗೋಣಿ ಹಾಸಿ
ನಾವು ಮನೆಗೆ ಒಯ್ಯುತ್ತೇವೆ.
ತಳಿ ರಸ್ತೆಯ ನಮ್ಮ ಬೀದಿ ತುಂಬ ಇವೇ:
ಬಚ್ಚಲ ಹತ್ತಿರ ಒಗೆಯುವ ಕಲ್ಲು,
ಹೊಸ್ತಿಲ ಮುಂದೆ ಮೆಟ್ಟಿಲು,
ರಾತ್ರಿ ಕೋಳಿಗೂಡಿನ ಬಾಗಿಲಿಗೆ ಒಂದು.

ಭಾನುವಾರ ಬೆಳಿಗ್ಗೆ ಹೋದಾಗ ಪಿಳ್ಳಮ್ಮ
ಮೂವತ್ತೆಂಟನೇ ಮಹಡಿಯ ಮೇಲೆ
ಬೂದಿ ಹಾಕಿ ಕೆರೆಮೀನು ಉಜ್ಜುತ್ತಿದ್ದಳು.
ನೀರು ಹರಿದು ಕಾಲುವೆಗೆ ಹೋಗುತ್ತಿತ್ತು.
ಬೆಕ್ಕು,
ನದಿಯ ಕಡೆ ಮುಖ ಮಾಡಿ ಕೂತಿತ್ತು.